ಕಲ್ಲಿಗೊಂದು ನಂಬರ್, ಬಾಗಿಲಿಗೊಂದು ಮದುವೆ ಫೋಟೋ

ಹೋದ ಬೇಸಿಗೆಯಲ್ಲಿ ಅಪ್ಪ-ಅಮ್ಮ ಮೊದಲ ಸಲ ಜರ್ಮನಿಗೆ ಬಂದಿದ್ದರು. ಬಂದವರನ್ನು ನಾವೆಲ್ಲ ಸಾಮಾನ್ಯವಾಗಿ ಏನು ಮಾಡುತ್ತೇವೆ? ಒಂದು ವೀಕೆಂಡ್ ಬರ್ಲಿನ್, ಒಂದು ವೀಕೆಂಡ್ ಪ್ರಾಗ್, ಮಧ್ಯೆ ಸ್ವಿಟ್ಜರ್ಲೆಂಡ್ ಎಂದು ಓಡಾಡಿಸಿ ಸುಸ್ತು ಮಾಡಿ ಕಳಿಸುತ್ತೇವೆ. ನಾನೂ ಅದನ್ನೇ ಮಾಡಿದೆ. ಹಾಗೆ ಒಂದು ಶನಿವಾರ ಡ್ರೆಸ್ಡೆನ್‌ನಲ್ಲಿ ಫ್ರೌವೆನ್‌ಕಿರ್ಶೆ ಚರ್ಚ್ ಎದುರು ನಿಂತಿದ್ದೆವು. ಅಮ್ಮ ಥರ್ಮಾಸ್‌ನಿಂದ ಕಾಫಿ ಬಗ್ಗಿಸುತ್ತಿದ್ದರು. ಅಪ್ಪ ಕತ್ತೆತ್ತಿ ಬಹಳ ಹೊತ್ತು ನೋಡಿ ಕೇಳಿದರು: "ಇಷ್ಟು ದುಡ್ಡು ಸುರಿದು ಕಟ್ಟಿದ್ದಾರೆ, ಆ ಕಪ್ಪು ಕಲ್ಲುಗಳಿಗೂ ಒಂದು ಕೋಟ್ ಬಣ್ಣ ಹೊಡೆಯೋಕೆ ಏನಾಗಿತ್ತು? ತೇಪೆ ಹಾಕಿದ ಪಂಚೆ ಥರ ಕಾಣ್ತಿದೆ!"

ನೋಡಿದವರಿಗೆ ಗೊತ್ತಿರುತ್ತದೆ. ತಿಳಿಹಳದಿ ಮರಳುಕಲ್ಲಿನ ಗೋಡೆಯಲ್ಲಿ ಅಲ್ಲಲ್ಲಿ ಕಪ್ಪು ಕಲ್ಲುಗಳು, ಯಾರೋ ಇಂಕು ಚಿಮುಕಿಸಿದ ಹಾಗೆ. ಬಾಂಬಿನ ಮಸಿ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಆ ಭಾಗದ ಮರಳುಕಲ್ಲಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಗಾಳಿ-ಮಳೆಗೆ ಒಡ್ಡಿಕೊಂಡು ವರ್ಷಗಳು ಕಳೆದಂತೆ ಅದು ಕಪ್ಪಾಗುತ್ತದೆ. ಕಪ್ಪು ಕಲ್ಲು ಎಂದರೆ ಹಳೆಯ ಕಲ್ಲು, ಬಿಳಿ ಕಲ್ಲು ಎಂದರೆ ಹೊಸದು. ಇನ್ನೊಂದಿಷ್ಟು ದಶಕ ಕಳೆದರೆ ಹೊಸವೂ ಕಪ್ಪಾಗುತ್ತವೆ. ಇಷ್ಟು ಹೇಳಿ ನಾನು ಸುಮ್ಮನಿರಬಹುದಿತ್ತು. ಆದರೆ ಅಪ್ಪನ ಮುಂದಿನ ಪ್ರಶ್ನೆ, "ಆ ಕಪ್ಪು ಕಲ್ಲು ಅಲ್ಲೇ ಇತ್ತು ಅಂತ ಇವರಿಗೆ ಹೇಗೆ ಗೊತ್ತಾಯ್ತು?"

ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ಉತ್ತರ ಹುಡುಕುತ್ತಾ ಹೋದ ನಾನು ಕೊನೆಗೆ ತಲುಪಿದ್ದು ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯ ತೊಟ್ಟಿ ಮನೆಗೆ. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಒಂದು ರಾಶಿ ಕಲ್ಲು

ಮೊದಲು ಸ್ವಲ್ಪ ಇತಿಹಾಸ. ಈ ಚರ್ಚನ್ನು 1726ರಿಂದ 1743ರವರೆಗೆ ಕಟ್ಟಿದರು. ವಿನ್ಯಾಸ ಗಿಯೋರ್ಗ್ ಬೇರ್ ಎಂಬ ವಾಸ್ತುಶಿಲ್ಪಿಯದು. ಪಾಪ, ಕೆಲಸ ಮುಗಿಯುವ ಮುನ್ನವೇ 1738ರಲ್ಲಿ ತೀರಿಕೊಂಡ. ಮೇಲಿನ ಗುಮ್ಮಟ ಕೂಡ ಕಲ್ಲಿನದೇ, ಅದಕ್ಕೆ 'ಕಲ್ಲಿನ ಗಂಟೆ' ಎಂದೇ ಹೆಸರು. 1945ರ ಫೆಬ್ರವರಿ 13ರ ರಾತ್ರಿ ಡ್ರೆಸ್ಡೆನ್ ಮೇಲೆ ಬಾಂಬ್ ದಾಳಿ ಶುರುವಾಯಿತು. ಊರೆಲ್ಲ ಉರಿದರೂ ಈ ಗುಮ್ಮಟ ಒಂದೂವರೆ ದಿನ ನಿಂತೇ ಇತ್ತು. ಆದರೆ ಒಳಗಿನ ಬೆಂಕಿಯಲ್ಲಿ ಕಂಬಗಳ ಕಲ್ಲು ಕಾದು ಸಿಡಿದಿತ್ತು. 15ರ ಬೆಳಿಗ್ಗೆ ಇಡೀ ಕಟ್ಟಡ ಕುಸಿದು ಬಿತ್ತು.

ಮುಂದಿನ ನಾಲ್ಕೂವರೆ ದಶಕ ಅದು ಹಾಗೇ ಕಲ್ಲಿನ ರಾಶಿಯಾಗಿ ಊರ ನಡುವೆ ಬಿದ್ದಿತ್ತು. ಬರ್ಲಿನ್ ಗೋಡೆ ಬಿದ್ದ ಕೆಲವೇ ತಿಂಗಳಿಗೆ, 1990ರ ಫೆಬ್ರವರಿಯಲ್ಲಿ, ಊರಿನ ಕೆಲವು ನಾಗರಿಕರು ಸೇರಿ ಜಗತ್ತಿಗೆಲ್ಲ ಒಂದು ಮನವಿ ಹೊರಡಿಸಿದರು. ಮುಂದಾಳು ಲುಡ್ವಿಗ್ ಗ್ಯುಟ್ಲರ್, ಒಬ್ಬ ಟ್ರಂಪೆಟ್ ವಾದಕ! ಹಣ ಹರಿದುಬಂತು. 1999ರಲ್ಲಿ ವೈದ್ಯಕೀಯ ನೊಬೆಲ್ ಪಡೆದ ಗ್ಯುಂಟರ್ ಬ್ಲೋಬೆಲ್, ಬಾಲ್ಯದಲ್ಲಿ ಈ ಚರ್ಚನ್ನು ಕಂಡಿದ್ದವರು, ಬಹುಮಾನದ ದೊಡ್ಡ ಪಾಲನ್ನು ಡ್ರೆಸ್ಡೆನ್‌ಗೆ ಕೊಟ್ಟುಬಿಟ್ಟರು. ಒಟ್ಟು ವೆಚ್ಚ ಸುಮಾರು 18 ಕೋಟಿ ಯೂರೋ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದೇಣಿಗೆಯದು.

ಹದಿನೇಳು ತಿಂಗಳು ಒಂದು ಕಲ್ಲೂ ಇಡಲಿಲ್ಲ

ಹಣ ಬಂತು ಎಂದ ತಕ್ಷಣ ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಜೆಸಿಬಿ ತರಿಸಿ ರಾಶಿ ಎತ್ತಿಸಿ, ಭೂಮಿಪೂಜೆ ಮಾಡಿಸಿ, ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ಇವರು 1993ರ ಜನವರಿಯಿಂದ 1994ರ ಮೇವರೆಗೆ ಆ ರಾಶಿಯನ್ನು ಬಿಡಿಸುವುದರಲ್ಲೇ ಕಳೆದರು. ರಾಶಿ ಎಂದರೆ ಸುಮಾರು 22,000 ಘನ ಮೀಟರ್. ಹೊರಗೋಡೆಯ ಪ್ರತಿಯೊಂದು ಕಲ್ಲನ್ನು ಎತ್ತುವ ಮೊದಲು ಅದು ರಾಶಿಯಲ್ಲಿ ಎಲ್ಲಿ ಬಿದ್ದಿತ್ತು ಎಂದು ಗುರುತು ಮಾಡಿಕೊಂಡರು. ಆಮೇಲೆ ಎತ್ತಿ, ತೊಳೆದು, ಅಳೆದು, ಫೋಟೋ ತೆಗೆದು, ನಂಬರ್ ಕೊಟ್ಟು, ಸಾಲಾಗಿ ಕಪಾಟುಗಳಲ್ಲಿ ಜೋಡಿಸಿಟ್ಟರು.

ಬಿದ್ದ ಜಾಗ ಯಾಕೆ ಬೇಕು? ಗುಮ್ಮಟ ಕುಸಿಯುವಾಗ ಯಾವ ಭಾಗ ಯಾವ ಕಡೆಗೆ ಬಿತ್ತು ಎಂದು ಊಹಿಸಿದರೆ, ಕಲ್ಲು ಸಿಕ್ಕ ಜಾಗದಿಂದ ಅದು ಮೊದಲು ಎಲ್ಲಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕ್ರ್ಯಾಶ್ ಆದ ಸಿಸ್ಟಮ್‌ನ ಲಾಗ್ ಫೈಲ್ ಓದಿದ ಹಾಗೆ! ಆ ಕಾಲದ ಕಂಪ್ಯೂಟರ್‌ಗಳಲ್ಲಿ ಕಲ್ಲುಗಳ ಚಿತ್ರವನ್ನು ಮೂರು ಆಯಾಮದಲ್ಲಿ ತಿರುಗಿಸಿ ತಿರುಗಿಸಿ ಎಲ್ಲಿ ಕೂರುತ್ತದೆ ಎಂದು ನೋಡಿದರು. ರಾಶಿಯಿಂದ 8,000ಕ್ಕೂ ಹೆಚ್ಚು ಹೊರಗೋಡೆ ಕಲ್ಲು ಸಿಕ್ಕವು. ಅದರಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಕಲ್ಲುಗಳು ಹೊಸ ಕಟ್ಟಡದಲ್ಲಿ ಮತ್ತೆ ಜಾಗ ಪಡೆದವು. ಅಪ್ಪ ನೋಡಿದ 'ತೇಪೆ' ಇದೇ. ಬಣ್ಣ ಹೊಡೆದಿದ್ದರೆ ಇಷ್ಟೂ ಶ್ರಮ ಮುಚ್ಚಿಹೋಗುತ್ತಿತ್ತು.

ಅಡಿಗಲ್ಲು ಇಟ್ಟಿದ್ದು 1994ರ ಮೇ 27ಕ್ಕೆ. ಚರ್ಚ್ ತೆರೆದದ್ದು 2005ರ ಅಕ್ಟೋಬರ್ 30ಕ್ಕೆ. ಶಿಖರದ ಮೇಲಿನ ಹೊಸ ಶಿಲುಬೆಯನ್ನು ಮಾಡಿದ್ದು ಲಂಡನ್ನಿನ ಒಬ್ಬ ಅಕ್ಕಸಾಲಿಗ, ಆತನ ತಂದೆ 1945ರಲ್ಲಿ ಇದೇ ಊರಿನ ಮೇಲೆ ಬಾಂಬ್ ಹಾಕಿದ ವಿಮಾನದಲ್ಲಿದ್ದವರು.

ಮದುವೆ ಫೋಟೋ ಕಳಿಸಿ!

ಸರಿ, ಕಲ್ಲು ಸಿಕ್ಕಿತು. ಸಿಗದೇ ಇರುವುದನ್ನು ಏನು ಮಾಡುವುದು? ಇಲ್ಲಿ ಎರಡು ಸಂಗತಿ ನನಗೆ ಬಹಳ ಹಿಡಿಸಿತು.

ಒಂದು: ಯುದ್ಧಕ್ಕೆ ಸ್ವಲ್ಪ ಮುಂಚೆ ಗುಮ್ಮಟದಲ್ಲಿ ಬಿರುಕು ಕಾಣಿಸಿ, 1938ರಿಂದ 1942ರವರೆಗೆ ದುರಸ್ತಿ ನಡೆದಿತ್ತು. ಆ ಕೆಲಸಕ್ಕೆಂದು ಕಟ್ಟಡವನ್ನು ಅಳೆದು ವಿವರವಾದ ನಕ್ಷೆಗಳನ್ನು ಬರೆದಿದ್ದರು. ಮೂರೇ ವರ್ಷಕ್ಕೆ ಕಟ್ಟಡ ಹೋಯಿತು, ನಕ್ಷೆ ಉಳಿಯಿತು. ಐವತ್ತು ವರ್ಷದ ನಂತರ ಕಟ್ಟಿದವರ ಕೈಹಿಡಿದದ್ದು ಆ ನಕ್ಷೆಗಳೇ.

ಇನ್ನೊಂದು: ಮುಂಬಾಗಿಲುಗಳು ಮರದವು, ಸುಟ್ಟು ಬೂದಿಯಾಗಿದ್ದವು. ಅವು ಹೇಗಿದ್ದವು ಎನ್ನುವುದಕ್ಕೆ ಸರಿಯಾದ ದಾಖಲೆ ಇರಲಿಲ್ಲ. ಆಗ ಯಾರಿಗೋ ಹೊಳೆಯಿತು, ಚರ್ಚಿನಲ್ಲಿ ಮದುವೆಯಾದವರು ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡೇ ಇರುತ್ತಾರಲ್ಲ! ಹಳೆಯ ಫೋಟೋ ಇದ್ದರೆ ಕೊಡಿ ಎಂದು ಜನರನ್ನು ಕೇಳಿದರು. ಅಜ್ಜ-ಅಜ್ಜಿಯರ ಆಲ್ಬಮ್‌ಗಳಿಂದ ಮದುವೆ ಫೋಟೋಗಳು ರಾಶಿ ರಾಶಿ ಬಂದವು. ವಧೂವರರ ಹಿಂದೆ ಕಂಡ ಕೆತ್ತನೆಯನ್ನು ನೋಡಿ ಬಾಗಿಲು ಮಾಡಿದರು.

ಇದನ್ನು ಹೇಳಿದಾಗ ಅಮ್ಮ ಕಾಫಿ ಲೋಟ ಕೆಳಗಿಟ್ಟು, "ನಮ್ಮ ಮದುವೆ ಫೋಟೋದಲ್ಲೂ ಬಾಗಿಲಿದೆ ಕಣೋ, ತೊಟ್ಟಿ ಮನೆದು" ಎಂದರು. ಅಪ್ಪ ಏನೂ ಮಾತಾಡಲಿಲ್ಲ. ಯಾಕೆಂದರೆ ಆ ಬಾಗಿಲು ಈಗ ಇಲ್ಲ.

ಪ್ಯಾರಿಸ್‌ನ ಬ್ಯಾಕಪ್

ನಮ್ಮ ಮನೆಯ ಕತೆಗೆ ಹೋಗುವ ಮುಂಚೆ ಪ್ಯಾರಿಸ್‌ನ ಒಂದು ಸಂಗತಿ. 2019ರ ಏಪ್ರಿಲ್ 15ರಂದು ನೋತ್ರ್ ದಾಮ್ ಹೊತ್ತಿ ಉರಿದದ್ದನ್ನು ನಾವೆಲ್ಲ ಲೈವ್ ಆಗಿ ನೋಡಿದ್ದೇವೆ. ಆಂಡ್ರ್ಯೂ ಟ್ಯಾಲನ್ ಎಂಬ ಅಮೆರಿಕದ ಕಲಾ ಇತಿಹಾಸದ ಪ್ರಾಧ್ಯಾಪಕರು ಆ ಬೆಂಕಿಗೆ ಸುಮಾರು ಒಂಬತ್ತು ವರ್ಷ ಮುಂಚೆ ಆ ಚರ್ಚನ್ನು ಲೇಸರ್ ಸ್ಕ್ಯಾನರ್‌ನಿಂದ ಅಳೆದಿಟ್ಟಿದ್ದರು. ಐವತ್ತಕ್ಕೂ ಹೆಚ್ಚು ಕಡೆ ಯಂತ್ರ ನಿಲ್ಲಿಸಿ ನೂರು ಕೋಟಿಗೂ ಮೀರಿದ ಬಿಂದುಗಳನ್ನು ಸಂಗ್ರಹಿಸಿದ್ದರು. ದುರಸ್ತಿಗೆಂದಲ್ಲ, ಕಟ್ಟಿದವರ ಮನಸ್ಸನ್ನು ತಿಳಿಯುವ ಕುತೂಹಲಕ್ಕೆ. 2018ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು, ಬೆಂಕಿಗೆ ಐದೇ ತಿಂಗಳ ಮುಂಚೆ. ತಮ್ಮ ಕೆಲಸ ಎಂಥ ಹೊತ್ತಿಗೆ ಒದಗಿತು ಎಂದು ಅವರಿಗೆ ತಿಳಿಯಲೇ ಇಲ್ಲ. ಸುಟ್ಟುಹೋದ ಮರದ ಚಾವಣಿಯನ್ನೂ ಇಬ್ಬರು ಫ್ರೆಂಚ್ ವಾಸ್ತುಶಿಲ್ಪಿಗಳು ಕೆಲವೇ ವರ್ಷ ಮೊದಲು ತೊಲೆ ತೊಲೆಯಾಗಿ ಅಳೆದು ಬರೆದಿಟ್ಟಿದ್ದರು.

ಅಲ್ಲೂ ತಕ್ಷಣ ಕಟ್ಟಲು ಶುರು ಮಾಡಲಿಲ್ಲ. ಬೆಂಕಿಗೆ ಕರಗಿ ಒಂದಕ್ಕೊಂದು ಅಂಟಿಕೊಂಡ ಸಾರುವೆಯ ಸುಮಾರು 40,000 ತುಂಡುಗಳನ್ನು ಬಿಚ್ಚುವುದು, ಕಮಾನುಗಳಿಗೆ ಮರದ ಆಸರೆ ಕೊಡುವುದು, ಕರಗಿ ಹರಡಿದ ಸೀಸ ತೊಳೆಯುವುದು, ಇಷ್ಟಕ್ಕೇ 2021ರ ಸೆಪ್ಟೆಂಬರ್ ಬಂತು. ಚರ್ಚ್ ತೆರೆದದ್ದು 2024ರ ಡಿಸೆಂಬರ್‌ನಲ್ಲಿ. ಐದೂವರೆ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ತಯಾರಿಗೇ ಹೋಯಿತು!

ಯೂರೋಪಿಗೆ ದುಡ್ಡಿದೆ, ಮಾಡುತ್ತಾರೆ ಅನ್ನಬೇಡಿ. ಕಲ್ಲಿಗೆ ನಂಬರ್ ಹಾಕುವ ಕೆಲಸ ನಮಗೆ ಹೊಸದಲ್ಲ. ಕೆಆರ್‌ಎಸ್ ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಖೋಡೇ ಪ್ರತಿಷ್ಠಾನದವರು ಹೀಗೇ ಒಂದೊಂದೇ ಕಲ್ಲು ಗುರುತು ಹಾಕಿ ಬಿಚ್ಚಿ, ಹಿನ್ನೀರಿನ ದಡದ ಎತ್ತರದ ಜಾಗದಲ್ಲಿ ಮತ್ತೆ ಜೋಡಿಸಿದ್ದಾರೆ. ಮೈಸೂರಿಗೆ ಹೋದಾಗ ಹೊಸ ಕನ್ನಂಬಾಡಿಗೆ ತಪ್ಪದೇ ಹೋಗಿಬನ್ನಿ. ಅದೇ ಮೈಸೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ತೀರಿಕೊಂಡರು ಎನ್ನುವುದನ್ನೂ ಮರೆಯಬಾರದು. ಹಳೆಯ ಕಟ್ಟಡ ಎಂದರೆ ಬರೀ ಅಂದಚೆಂದದ ಮಾತಲ್ಲ, ಅದರ ಕೆಳಗೆ ಜನ ಓಡಾಡುತ್ತಾರೆ. ಹಾಗಾಗಿಯೇ 'ಉಳಿಸಬೇಕು' ಎನ್ನುವವರು ಮೊದಲು 'ಇದರ ಸ್ಥಿತಿ ಏನು' ಎಂದು ತಿಳಿಯಬೇಕು.

ಹಣ ಕಳಿಸಿದವನು ನಾನೇ

ಈಗ ನಮ್ಮ ಮನೆ. ಸುಮಾರು ನೂರು ವರ್ಷದ ತೊಟ್ಟಿ ಮನೆ. ಮಣ್ಣಿನ ದಪ್ಪ ಗೋಡೆ, ಮೇಲೆ ಸುಣ್ಣದ ಗಾರೆ, ಹೆಂಚಿನ ಮಾಡು, ತೊಟ್ಟಿಯ ಸುತ್ತ ಬೋದಿಗೆ ಕೆತ್ತಿದ ಎಂಟು ಕಂಬ. 2014ರಲ್ಲಿ, ನಾನು ಜರ್ಮನಿಗೆ ಬಂದ ಹೊಸದರಲ್ಲಿ, ಹಬ್ಬಕ್ಕೆ ಮನೆ ಚೆನ್ನಾಗಿ ಕಾಣಲಿ ಎಂದು ಉಮೇದಿನಿಂದ ಹಣ ಕಳಿಸಿದೆ. ಒಬ್ಬ ಕಂಟ್ರಾಕ್ಟರ್ ಬಂದು ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಬಳಿದ. ತೊಟ್ಟಿಗೆ ಟೈಲ್ಸ್ ಹಾಕಿದ. ಹಳೇ ಮುಂಬಾಗಿಲು 'ಗೆದ್ದಲು ಹಿಡಿದಿದೆ' ಎಂದು ಒಯ್ದು ಹೊಸದು ಕೂರಿಸಿದ. ನಾನು ವೀಡಿಯೋ ಕಾಲ್‌ನಲ್ಲಿ ನೋಡಿ "ಸೂಪರ್!" ಎಂದೆ. ಅಜ್ಜಿ ಮಾತ್ರ, "ಗೋಡೆ ತಣ್ಣಗಿದೆ, ಮೈ ಕೈ ನೋವು" ಎನ್ನುತ್ತಿದ್ದರು. ವಯಸ್ಸಾಯಿತು, ಅದಕ್ಕೇ ಎಂದುಕೊಂಡೆವು.

ನಾಲ್ಕೈದು ವರ್ಷದಲ್ಲಿ ಗೋಡೆಯ ಬುಡದಲ್ಲಿ ಉಪ್ಪು ಬಿಳಿಚಿ ಬಂತು, ಸಿಮೆಂಟ್ ಹಪ್ಪಳದಂತೆ ಎದ್ದಿತು, ಅಜ್ಜಿಯ ಕೋಣೆಯ ಕಡೆ ಒಂದು ತೊಲೆ ಬಾಗಿತು. ಮಣ್ಣು ಮತ್ತು ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತಾ ಇರುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ನೀರು ಒಳಗೇ ಉಳಿದು ಮೇಲಕ್ಕೇರುತ್ತದೆ, ಗೋಡೆಯೊಳಗಿನ ಮರದ ತುದಿ ಕೊಳೆಯುತ್ತದೆ. ಇಂಜಿನಿಯರಿಂಗ್ ಓದಿದ ನನಗೆ ಇದು ಗೊತ್ತಿರಲಿಲ್ಲ, ಅಕ್ಷರ ಬಾರದ ಅಜ್ಜಿಗೆ ಮೈಗೇ ಗೊತ್ತಾಗಿತ್ತು.

ಡ್ರೆಸ್ಡೆನ್‌ಗೆ ಹೋಗುವ ಹೊತ್ತಿಗೆ ಅಜ್ಜಿ ಇರಲಿಲ್ಲ, ಮನೆಯ ಮಾತು ಮಾತ್ರ ಇತ್ತು. ಆ ಭಾಗವನ್ನು ಪೂರ್ತಿ ಕೆಡವಿ ಆರ್‌ಸಿಸಿ ಹಾಕಬೇಕು ಎಂದು ಒಂದು ಅಂದಾಜು ಬಂದಿತ್ತು. ದೊಡ್ಡಪ್ಪ ಒಪ್ಪಿದ್ದರು, ಅಪ್ಪ ಅರೆಮನಸ್ಸು, ನನ್ನದು ಎಂದಿನಂತೆ "ಎಷ್ಟು ಕಳಿಸಲಿ?" ಡ್ರೆಸ್ಡೆನ್‌ನಿಂದ ವಾಪಸು ಬರುವಾಗ ಟ್ರೈನಿನಲ್ಲಿ ಅಪ್ಪ ಹೇಳಿದರು, "ಅವರು ಬಿದ್ದ ಕಲ್ಲನ್ನ ಅಳೆದ್ರು. ನಮ್ಮದು ಇನ್ನೂ ನಿಂತಿದೆ."

ನಾಲ್ಕು ದಿನ, ಒಂದು ಟೇಪು

ಡಿಸೆಂಬರ್ ರಜಕ್ಕೆ ಊರಿಗೆ ಹೋದಾಗ ದೊಡ್ಡಪ್ಪನ ಇಬ್ಬರು ಮಕ್ಕಳನ್ನು ಸೇರಿಸಿಕೊಂಡು ಮನೆ ಅಳೆದೆವು. ನೀವೂ ಮಾಡಬಹುದು, ಹಾಗಾಗಿ ವಿವರ ಕೊಡುತ್ತೇನೆ.

* ಮೊದಲು ಕೈಯಲ್ಲಿ ಒರಟು ನಕ್ಷೆ. ಪ್ರತಿ ಕೋಣೆ, ಬಾಗಿಲು, ಕಂಬ, ಕಿಟಕಿಗೆ ಒಂದೊಂದು ನಂಬರ್.

* ನಂತರ ಅಳತೆ. ಹಳೇ ಮನೆಯಲ್ಲಿ ಯಾವ ಕೋಣೆಯೂ ಸರಿಯಾದ ಚೌಕ ಇರುವುದಿಲ್ಲ. ನಾಲ್ಕು ಗೋಡೆಯ ಜೊತೆ ಮೂಲೆಯಿಂದ ಮೂಲೆಗೂ ಅಳೆಯಿರಿ, ಆಗಲೇ ನಕ್ಷೆ ಸರಿಯಾಗಿ ಕೂರುವುದು.

* ಗೋಡೆ ವಾಲಿದೆಯೇ ಎಂದು ತೂಕದ ಗುಂಡು ಇಳಿಬಿಟ್ಟು ನೋಡುವುದು. ಗಾರೆಯವರ ಹತ್ತಿರ ಸಿಗುತ್ತದೆ.

* ಪ್ರತಿ ಗೋಡೆಯ ಫೋಟೋ. ಒಂದು ಫೋಟೋದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಬರುವಂತೆ ತೆಗೆದರೆ, ಕಂಪ್ಯೂಟರ್ ಅವನ್ನು ಜೋಡಿಸಿ ಮೂರು ಆಯಾಮದ ಮಾದರಿ ಮಾಡಿಕೊಡುತ್ತದೆ. ಮಾಮೂಲಿ ಫೋನ್ ಸಾಕು. ಚಿತ್ರದಲ್ಲಿ ಒಂದು ಅಳತೆಪಟ್ಟಿ ಇರಲಿ.

* ತೇವ, ಉಪ್ಪು, ಬಿರುಕು, ಗೆದ್ದಲು, ಕೊಳೆತ ಮರ ಇವಕ್ಕೆ ಒಂದೊಂದು ಬಣ್ಣ ಕೊಟ್ಟು ನಕ್ಷೆಯ ಮೇಲೆ ತುಂಬುವುದು.

ಈ ಕೊನೆಯ ಕೆಲಸ ನಮ್ಮ ಕಣ್ಣು ತೆರೆಸಿತು. ಬಣ್ಣ ತುಂಬಿ ನೋಡಿದರೆ ತೇವದ ನೀಲಿ ಎಲ್ಲ ತೊಟ್ಟಿಯ ಒಂದೇ ಮೂಲೆಯಿಂದ ಹೊರಟಂತಿತ್ತು. ಅಮ್ಮನ ಮದುವೆ ಆಲ್ಬಮ್ ತೆಗೆದೆವು. ಧಾರೆಯ ಫೋಟೋದಲ್ಲಿ, ಪುರೋಹಿತರ ಕಾಲ ಬಳಿ, ಆ ಮೂಲೆಯಲ್ಲಿ ನೀರು ಹೋಗುವ ಕಲ್ಲಿನ ತೂಬು ಸ್ಪಷ್ಟವಾಗಿ ಕಾಣುತ್ತಿದೆ! ಈಗ ಅದು ಟೈಲ್ಸ್ ಕೆಳಗೆ. ಹನ್ನೊಂದು ಮಳೆಗಾಲದ ನೀರು ಹೊರಗೆ ಹೋಗುವ ದಾರಿ ಇಲ್ಲದೆ ಅಜ್ಜಿಯ ಕೋಣೆಯ ಗೋಡೆಗೆ ಇಳಿದಿತ್ತು. ಹಣ ಕೊಟ್ಟು ಆ ತೂಬು ಮುಚ್ಚಿಸಿದವನು ನಾನು.

ಅಳತೆ, ಫೋಟೋ ಎಲ್ಲ ಹಿಡಿದು ಮೈಸೂರಿನ ಒಬ್ಬ ಸಂರಕ್ಷಣಾ ವಾಸ್ತುಶಿಲ್ಪಿಯನ್ನು ಕಂಡೆವು. ಬಂದು ನೋಡಿ ಅವರು ಹೇಳಿದ್ದು: ಕೆಡವುವ ತೀರ್ಮಾನ ಈಗಲೇ ಬೇಡ. ಬಾಗಿದ ತೊಲೆಗೆ ಇವತ್ತೇ ಆಸರೆ ಕೊಡಿ, ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ತೂಬು ತೆರೆಯಿರಿ. ಸಿಮೆಂಟ್ ಕೆತ್ತಿ ಗೋಡೆ ಒಣಗಲು ಬಿಡಿ. ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ಒಂದು ಮಳೆಗಾಲ ಕಾಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ, ಒಡೆಯದಿದ್ದರೆ ಅದು ಹಳೇ ಗಾಯ. ಆಮೇಲೆ ಎಷ್ಟು ಬದಲಿಸಬೇಕು ಎಂದು ನೋಡೋಣ.

ಸುಣ್ಣ ನೆನೆಹಾಕಿ ಹದ ಮಾಡುವ ಒಬ್ಬ ಹಿರಿಯ ಗಾರೆ ಕೆಲಸದವರು ಪಕ್ಕದೂರಿನಲ್ಲೇ ಸಿಕ್ಕರು. ಬೆಲ್ಲ, ಅಳಲೆಕಾಯಿ ನೀರು ಹಾಕುವ ಅಳತೆ ಅವರಿಗೆ ಬಾಯಲ್ಲೇ ಇದೆ. ಅದನ್ನೂ ವೀಡಿಯೋ ಮಾಡಿಕೊಂಡೆವು. ಅವರ ಮಕ್ಕಳು ಯಾರೂ ಆ ಕೆಲಸದಲ್ಲಿಲ್ಲ.

ಕೊನೆಯದಾಗಿ...

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುತ್ತಾರೆ. ಕಟ್ಟಿದ್ದನ್ನು ಉಳಿಸಿ ನೋಡು ಎಂದು ಸೇರಿಸಬೇಕು! ನಾವು ಹೊರದೇಶದಲ್ಲಿರುವವರು ಊರಿನ ಮನೆಗೋ ದೇವಸ್ಥಾನಕ್ಕೋ ಶಾಲೆಗೋ ಸುಲಭವಾಗಿ ಕೊಡುವುದು ಹಣ. ಹಣ ತಪ್ಪಲ್ಲ. ಆದರೆ ತಯಾರಿ ಇಲ್ಲದೆ ಬಂದ ಹಣ ಬೇಗ ಸಿಮೆಂಟ್ ಆಗುತ್ತದೆ, ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಆಗುತ್ತದೆ. ಮುಂದಿನ ಸಲ ಯಾರಾದರೂ ಜೀರ್ಣೋದ್ಧಾರಕ್ಕೆ ಚಂದಾ ಕೇಳಿದರೆ ಒಂದು ಪ್ರಶ್ನೆ ಕೇಳಿ: "ಅಳತೆ ಆಗಿದೆಯಾ? ನಕ್ಷೆ ಕಳಿಸುತ್ತೀರಾ?" ಆಗಿಲ್ಲವಾದರೆ ನಿಮ್ಮ ಮೊದಲ ಕಂತು ಅದಕ್ಕೇ ಹೋಗಲಿ.

ಊರಿಗೆ ಹೋದಾಗ ಒಂದು ದಿನ ಮಾಲ್ ಬಿಟ್ಟು ಮನೆ ಅಳೆಯಿರಿ. ಮಕ್ಕಳಿಗೆ ಟೇಪಿನ ಇನ್ನೊಂದು ತುದಿ ಹಿಡಿಸಿ. ಹಳೇ ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡುವಾಗ ಮುಖ ಮಾತ್ರ ಕತ್ತರಿಸಿಕೊಳ್ಳದೆ ಪೂರ್ತಿ ಚಿತ್ರ ಇಟ್ಟುಕೊಳ್ಳಿ. ಕೆಡವಲೇಬೇಕಾಗಿ ಬಂದರೂ ನಕ್ಷೆಯಾದರೂ ಉಳಿಯುತ್ತದೆ.

ನಮ್ಮ ಮನೆಯ ಮಳೆಗಾಲ ಈಗ ನಡೆಯುತ್ತಿದೆ. ದೊಡ್ಡಪ್ಪ ಪ್ರತಿ ಭಾನುವಾರ ನಾಲ್ಕು ಗಾಜಿನ ಪಟ್ಟಿಗಳ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಜೊತೆಗೆ ತಾರೀಖು ಬರೆದ ಚೀಟಿ. ಕೆಡವಬೇಕು ಎಂದಿದ್ದವರು ಅವರೇ! ಹೋದ ವಾರದವರೆಗೆ ಮೂರು ಗಾಜು ಹಾಗೇ ಇವೆ. ನಾಲ್ಕನೆಯದು, ಅಜ್ಜಿಯ ಕೋಣೆಯದು, ಜುಲೈ ಕೊನೆಯಲ್ಲಿ ಒಡೆಯಿತು. ಆ ಒಂದು ಗೋಡೆ ಬಿಚ್ಚಿ ಕಟ್ಟಬೇಕಾಗಬಹುದು. ಉಳಿದದ್ದು ಉಳಿಯುತ್ತದೆ ಎನ್ನುವ ನಂಬಿಕೆ ಇದೆ. ಬಿಚ್ಚುವಾಗ ಕಂಬಕ್ಕೂ ತೊಲೆಗೂ ನಂಬರ್ ಬರೆಯಲು ಅಪ್ಪ ಈಗಲೇ ಸೀಮೆಸುಣ್ಣ ತಂದಿಟ್ಟಿದ್ದಾರೆ.

ನಿಮ್ಮ ಊರಿನ ಮನೆಯ ಕತೆಯನ್ನೂ ಬರೆದು ಕಳಿಸುತ್ತೀರಲ್ಲ? ಹಿಂದೆ ಬಾಗಿಲು ಕಾಣುವ ಮದುವೆ ಫೋಟೋ ಇದ್ದರೆ ಇನ್ನೂ ಸಂತೋಷ!